ಹೇಳಿದರೆ ಕೆಡುವ ಮದ್ದು

ನಮ್ಮ ಅಜ್ಜಿಯ ಊರಿನಲ್ಲಿ ದನಕರುಗಳಿಗೆ ಮದ್ದು ಕೊಡುವ ವೃದ್ಧರೊಬ್ಬರಿದ್ದರು. ಊರವರು ಅವರನ್ನು ಮದ್ದಿನಜ್ಜ ಎಂದೇ ಕರೆಯುತ್ತಿದ್ದರು. ಹಸುವಿಗೆ ಕಾಲುಬಾಯಿ ಬೇನೆ ಬಂದರೆ, ಎತ್ತು ಮೇವು ಬಿಟ್ಟು ಮಲಗಿದರೆ, ಮೊದಲು ನೆನಪಾಗುತ್ತಿದ್ದವರು ಅವರೇ. ಬೆಳಕು ಹರಿಯುವ ಮುನ್ನ ಯಾರೊಡನೆಯೂ ಮಾತನಾಡದೆ ಗುಡ್ಡಕ್ಕೆ ಹೋಗಿ, ಯಾವುದೋ ಸೊಪ್ಪು, ಯಾವುದೋ ಬೇರು ತಂದು, ಬಾಗಿಲು ಹಾಕಿಕೊಂಡು ಅರೆದು, ಉಂಡೆ ಕಟ್ಟಿ ಕೊಡುತ್ತಿದ್ದರು. ಹಣ ಮುಟ್ಟುತ್ತಿರಲಿಲ್ಲ, ಒಂದು ತೆಂಗಿನಕಾಯಿ, ನಾಲ್ಕು ವೀಳೆಯದೆಲೆ, ಅಷ್ಟೆ. ನಾನು ಏಳೆಂಟು ವರ್ಷದ ಹುಡುಗನಾಗಿದ್ದಾಗ ನಮ್ಮ ಅಜ್ಜಿ ಅವರನ್ನು ಒಮ್ಮೆ ಕೇಳಿದ್ದು ನನಗೆ ಇನ್ನೂ ನೆನಪಿದೆ: “ನಿಮಗೂ ವಯಸ್ಸಾಯಿತು. ಆ ಸೊಪ್ಪು ಯಾವುದೆಂದು ನಿಮ್ಮ ಮಗನಿಗಾದರೂ ತೋರಿಸಿಡಬಾರದೆ?” ಅವರು ಎಲೆಯಡಿಕೆ ತುಂಬಿದ ಬಾಯಿಯಲ್ಲೇ ನಕ್ಕರು. “ಹೇಳಿದರೆ ಮದ್ದಿನ ಗುಣ ಕೆಟ್ಟುಹೋಗುತ್ತದಮ್ಮಾ” ಎಂದರು.

ಎರಡು ವರ್ಷಗಳ ತರುವಾಯ ಮದ್ದಿನಜ್ಜ ತೀರಿಕೊಂಡರು. ಅದೇ ಮಳೆಗಾಲದಲ್ಲಿ ಊರಿನ ದನಗಳಿಗೆ ಮತ್ತೆ ಬೇನೆ ಬಂತು. ಅಜ್ಜಿ ಅಭ್ಯಾಸಬಲದಿಂದ ಅವರ ಮನೆಯ ಅಂಗಳಕ್ಕೆ ಹೋಗಿ ನಿಂತರು. ಮಗ ಹೊರಗೆ ಬಂದು ಕೈಮುಗಿದು ಸುಮ್ಮನೆ ನಿಂತರು. ಆ ಮದ್ದಿನಲ್ಲಿ ನಿಜವಾಗಿ ಗುಣವಿದ್ದಿತೋ, ಅಥವಾ ತಾನಾಗಿಯೇ ಇಳಿಯುವ ಬೇನೆಗೆ ಅದು ನೆಪವಾಗಿತ್ತೋ, ನಾನು ಹೇಳಲಾರೆ. ಹೇಳಲಾರೆನೆಂಬುದೇ ಇಲ್ಲಿಯ ದುಃಖ. ಇದ್ದ ವಿದ್ಯೆ ಹೋಯಿತೆಂಬುದು ಒಂದು ಮಾತು. ಅದು ವಿದ್ಯೆಯೇ ಅಲ್ಲವೇ ಎಂದು ಪರೀಕ್ಷಿಸಿ ನೋಡುವ ದಾರಿಯೂ ಅದರೊಡನೆ ಮುಚ್ಚಿಹೋಯಿತು.

ಮದ್ದಿನಜ್ಜನ ಆ ಮಾತು ಈಚೆಗೆ ನನಗೆ ಮತ್ತೆ ನೆನಪಾದದ್ದು, ಇಟಲಿ ದೇಶದ ಒಬ್ಬ ಪಶುವೈದ್ಯೆಯ ವೃತ್ತಾಂತವನ್ನು ಓದುತ್ತಿದ್ದಾಗ. ಅವರ ಹೆಸರು ಡಾಕ್ಟರ್ ಇಲಾರಿಯಾ ಕಾಪುವಾ. ೧೯೬೬ರಲ್ಲಿ ರೋಮ್ ನಗರದಲ್ಲಿ ಜನಿಸಿದವರು. ಪಶುವೈದ್ಯವನ್ನು ಓದಿ, ಪ್ರಾಣಿಗಳನ್ನು ಕಾಡುವ ವೈರಾಣುಗಳ ಅಧ್ಯಯನವನ್ನೇ ಬಾಳಿನ ಕೆಲಸವಾಗಿ ಆರಿಸಿಕೊಂಡವರು. ಪಾದುವಾ ನಗರದ ಹತ್ತಿರ ಲೆನ್ಯಾರೊ ಎಂಬಲ್ಲಿರುವ ಪಶುರೋಗ ಸಂಶೋಧನಾ ಸಂಸ್ಥೆಯಲ್ಲಿ ಆಗ ಅವರದೊಂದು ಪ್ರಯೋಗಾಲಯವಿತ್ತು. ಹಕ್ಕಿಜ್ವರಕ್ಕೂ, ನಮ್ಮ ಹಳ್ಳಿಗರು ಕೊಕ್ಕರೆ ರೋಗವೆಂದು ಕರೆಯುವ ಕೋಳಿಗಳ ಇನ್ನೊಂದು ಪಿಡುಗಿಗೂ ಅದು ಅಂತಾರಾಷ್ಟ್ರೀಯ ಮನ್ನಣೆ ಪಡೆದ ಪರೀಕ್ಷಾ ಕೇಂದ್ರ. ಯಾವ ದೇಶದಲ್ಲಿ ಕೋಳಿಗಳು ಗುಂಪುಗುಂಪಾಗಿ ಸತ್ತರೂ ಮಾದರಿಗಳು ಅಲ್ಲಿಗೆ ಹೋಗುವುದುಂಟು.

೨೦೦೬ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಆಫ್ರಿಕಾ ಖಂಡದ ನೈಜೀರಿಯಾದಿಂದ ಹಾಗೊಂದು ಮಾದರಿ ಬಂತು. ಕಡೂನ ಪ್ರಾಂತದ ಜಾಜಿ ಎಂಬ ಊರಿನ ಕೋಳಿ ಫಾರಮಿನಲ್ಲಿ ಹತ್ತಾರು ಸಾವಿರ ಕೋಳಿಗಳು ಸತ್ತಿದ್ದವು. ಪರೀಕ್ಷೆ ಮಾಡಿದಾಗ ಎಚ್-೫-ಎನ್-೧ ಎಂಬ ಕುಪ್ರಸಿದ್ಧ ಹಕ್ಕಿಜ್ವರವೆಂದು ಖಚಿತವಾಯಿತು. ಆಫ್ರಿಕಾ ಖಂಡದಲ್ಲಿ ಅದು ಕಾಣಿಸಿಕೊಂಡದ್ದು ಅದೇ ಮೊದಲು. ಅದೇ ತಿಂಗಳಿನಲ್ಲಿ, ನಮ್ಮ ನೆರೆಯ ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿಯೂ ಕೋಳಿಗಳು ಸತ್ತು, ಭಾರತದ ಮೊದಲ ಹಕ್ಕಿಜ್ವರವೆಂದು ಪತ್ರಿಕೆಗಳ ತುಂಬ ಸುದ್ದಿಯಾದುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಜಾಜಿ ಎಲ್ಲಿ, ನವಾಪುರವೆಲ್ಲಿ! ಆದರೆ ಎರಡು ಊರುಗಳ ವೈರಾಣುಗಳೂ ಒಂದೇ ವಂಶದವೆಂದು ಮುಂದೆ ತಿಳಿದುಬಂತು. ಹಾಗೆ ತಿಳಿದದ್ದು ಹೇಗೆ, ಮತ್ತು ತಿಳಿಯದೆಯೇ ಹೋಗಬಹುದಾಗಿದ್ದುದು ಹೇಗೆ ಎಂಬುದೇ ಈ ವಾರದ ನನ್ನ ವಿಷಯ.

ಮೊದಲು ರೋಗದ ಮಾತು. ಹಕ್ಕಿಜ್ವರವು ನಮ್ಮ ಕಾಲದ ಹೊಸ ಶಾಪವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ೧೮೭೮ರಷ್ಟು ಹಿಂದೆಯೇ ಎಡೊಆರ್ದೊ ಪೆರೊಂಚಿತೊ ಎಂಬ ಇಟಲಿಯ ವಿದ್ವಾಂಸರು ತಮ್ಮ ದೇಶದ ಉತ್ತರಭಾಗದಲ್ಲಿ ಕೋಳಿಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ಪಿಡುಗೊಂದನ್ನು ವರ್ಣಿಸಿದ್ದರು. ಅದಕ್ಕೆ ಕೋಳಿಗಳ ಮಹಾಮಾರಿ ಎಂಬ ಹೆಸರು ಬಂತು. ೧೯೫೫ರಲ್ಲಿ ಜರ್ಮನಿಯ ವೆರ್ನರ್ ಶೇಫರ್ ಎಂಬವರು, ಇದು ಬೇರೆ ಯಾವುದೂ ಅಲ್ಲ, ಮನುಷ್ಯರಿಗೆ ನೆಗಡಿ ಜ್ವರ ತರುವ ಇನ್‌ಫ್ಲುಯೆಂಜಾ ವೈರಾಣುವಿನ ಬಳಗಕ್ಕೇ ಸೇರಿದ್ದು ಎಂದು ತೋರಿಸಿಕೊಟ್ಟರು. ಕೋಳಿಯ ಗೂಡಿಗೂ ನಮ್ಮ ಮಲಗುವ ಮನೆಗೂ ನಡುವೆ ಇದ್ದ ಗೋಡೆ ನಾವೆಣಿಸಿದಷ್ಟು ದಪ್ಪವಲ್ಲವೆಂದು ಅಂದಿನಿಂದ ತಿಳಿಯಿತು.

ಈ ವೈರಾಣುಗಳ ನಿಜವಾದ ತವರುಮನೆ ಕಾಡುಬಾತು ಮೊದಲಾದ ನೀರಹಕ್ಕಿಗಳ ಕರುಳು. ಅಲ್ಲಿ ಅವು ಸಾಮಾನ್ಯವಾಗಿ ಅತಿಥಿಗಳಂತೆ ತೆಪ್ಪಗಿರುತ್ತವೆ. ಹಕ್ಕಿಗೆ ರೋಗವಿಲ್ಲ, ನೋವಿಲ್ಲ. ವೈರಾಣುವಿನ ಮೈಮೇಲೆ ಎರಡು ಬಗೆಯ ಮುಳ್ಳುಗಳಿರುತ್ತವೆ. ಒಂದು ಜೀವಕೋಶದೊಳಕ್ಕೆ ಹೋಗಲು, ಇನ್ನೊಂದು ಅಲ್ಲಿಂದ ಹೊರಬೀಳಲು. ಮೊದಲನೆಯದಕ್ಕೆ ಎಚ್ ಎಂದೂ ಎರಡನೆಯದಕ್ಕೆ ಎನ್ ಎಂದೂ ಸಂಕೇತ. ಹಕ್ಕಿಗಳಲ್ಲಿ ಎಚ್ ಮುಳ್ಳಿನ ೧೬ ಬಗೆಗಳೂ ಎನ್ ಮುಳ್ಳಿನ ೯ ಬಗೆಗಳೂ ಚೆನ್ನಾಗಿ ಪರಿಚಿತವಾಗಿವೆ. ನಮ್ಮಲ್ಲಿ ಒಬ್ಬನ ಹೆಸರು ಮತ್ತು ಮನೆತನ ಕೂಡಿ ಅವನ ಗುರುತಾಗುವಂತೆ, ಎಚ್ ಮತ್ತು ಎನ್ ಕೂಡಿ ವೈರಾಣುವಿನ ಗುರುತಾಗುತ್ತದೆ.

ಈ ಪೈಕಿ ಐದನೆಯ ಮತ್ತು ಏಳನೆಯ ಎಚ್‌ಗಳಲ್ಲಿ ಒಂದು ದುಷ್ಟಗುಣವಿದೆ. ಕಾಡುಹಕ್ಕಿಯಿಂದ ಕೋಳಿ ಫಾರಮಿಗೆ ಬಂದಾಗ ಅವು ಸಾಧುವಾಗಿಯೇ ಇರಬಹುದು; ಸಾವಿರಾರು ಕೋಳಿಗಳ ನಡುವೆ ಕೆಲವು ತಿಂಗಳು ಸುತ್ತಾಡಿದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ರಾಕ್ಷಸರೂಪ ತಾಳುತ್ತವೆ. ಇದರ ಮರ್ಮ ಸ್ವಾರಸ್ಯವಾಗಿದೆ. ಇಡೀ ಅಡಿಕೆಯನ್ನು ಅಡಕತ್ತರಿಯಲ್ಲಿ ಕತ್ತರಿಸದೆ ಮೆಲ್ಲಲಾಗದಷ್ಟೆ? ಎಚ್ ಮುಳ್ಳೂ ಹಾಗೆಯೇ; ಯಾವುದಾದರೊಂದು ಕಿಣ್ವ ಅದನ್ನು ಎರಡಾಗಿ ಸೀಳಿದರೆ ಮಾತ್ರ ವೈರಾಣು ಜೀವಕೋಶದ ಒಳಹೊಗಬಲ್ಲುದು. ಸಾಧು ವೈರಾಣುವನ್ನು ಸೀಳಬಲ್ಲ ಅಡಕತ್ತರಿ ಕೋಳಿಯ ಶ್ವಾಸನಾಳ ಮತ್ತು ಕರುಳಿನಲ್ಲಿ ಮಾತ್ರ ಉಂಟು. ಆದ್ದರಿಂದ ರೋಗ ಅಲ್ಲಿಗೇ ಸೀಮಿತ. ಆದರೆ ಸೀಳುವ ಜಾಗದಲ್ಲಿ ಕೆಲವು ಅಕ್ಷರಗಳು ಹೆಚ್ಚಾಗಿ ಸೇರಿಕೊಂಡವೆಂದರೆ, ಮೈಯ ಎಲ್ಲ ಅಂಗಗಳಲ್ಲಿಯೂ ಇರುವ ಸಾಮಾನ್ಯ ಕತ್ತಿಯೇ ಅದಕ್ಕೆ ಸಾಕು. ಆಗ ಮಿದುಳು, ಹೃದಯ, ಯಕೃತ್ತು ಎನ್ನದೆ ವೈರಾಣು ಎಲ್ಲೆಡೆ ನುಗ್ಗುತ್ತದೆ. ನಿನ್ನೆ ಕಾಳು ಹೆಕ್ಕುತ್ತಿದ್ದ ಕೋಳಿ ಇಂದು ಬೆಳಗ್ಗೆ ಸತ್ತು ಬಿದ್ದಿರುತ್ತದೆ.

ಡಾಕ್ಟರ್ ಕಾಪುವಾ ಮತ್ತು ಅವರ ಸಹೋದ್ಯೋಗಿಗಳು ಈ ರೂಪಾಂತರವನ್ನು ಕಣ್ಣಾರೆ ಕಂಡವರು. ೧೯೯೯ರ ಮಾರ್ಚಿಯಲ್ಲಿ ಉತ್ತರ ಇಟಲಿಯ ಟರ್ಕಿ ಕೋಳಿಗಳಲ್ಲಿ ಎಚ್-೭-ಎನ್-೧ ಎಂಬ ಸಾಧು ವೈರಾಣು ಕಾಣಿಸಿಕೊಂಡಿತು. ವೆನೆತೊ ಮತ್ತು ಲೊಂಬಾರ್ದಿಯಾ ಪ್ರಾಂತಗಳಲ್ಲಿ ಕೋಳಿ ಫಾರಮುಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ಒಂಬತ್ತು ತಿಂಗಳು ಅದು ಫಾರಮಿನಿಂದ ಫಾರಮಿಗೆ ಅಲೆಯಿತು. ಡಿಸೆಂಬರಿನಲ್ಲಿ ಘಾತಕರೂಪ ತಾಳಿತು. ಮುಂದಿನ ಕೆಲವೇ ತಿಂಗಳಲ್ಲಿ ಸತ್ತ ಮತ್ತು ಕೊಲ್ಲಬೇಕಾಗಿ ಬಂದ ಪಕ್ಷಿಗಳ ಸಂಖ್ಯೆ ೧ ಕೋಟಿ ೩೦ ಲಕ್ಷವನ್ನು ಮೀರಿತು.

೨೦೦೦ದ ಆಗಸ್ಟಿನಲ್ಲಿ ಸಾಧು ವೈರಾಣು ಮತ್ತೆ ತಲೆಯೆತ್ತಿದಾಗ, ಈ ಸಲ ಲಸಿಕೆ ಹಾಕಬಾರದೇಕೆ ಎಂಬ ಪ್ರಶ್ನೆ ಎದ್ದಿತು. ಲಸಿಕೆಗೆ ಒಂದು ದೊಡ್ಡ ಅಡ್ಡಿಯಿತ್ತು. ಲಸಿಕೆ ಹಾಕಿಸಿಕೊಂಡ ಕೋಳಿಯ ರಕ್ತದಲ್ಲಿಯೂ, ರೋಗ ತಗಲಿದ ಕೋಳಿಯ ರಕ್ತದಲ್ಲಿಯೂ ಒಂದೇ ಬಗೆಯ ಪ್ರತಿಕಾಯಗಳು ಉಂಟಾಗುತ್ತವೆ. ಯಾವುದು ರಕ್ಷಿತ, ಯಾವುದು ಸೋಂಕಿತ ಎಂದು ಗೊತ್ತಾಗದೆ ಹೋದರೆ ರೋಗವು ಲಸಿಕೆಯ ಮುಸುಕಿನಲ್ಲಿ ಅಡಗಿ ಕುಳಿತುಬಿಡುತ್ತದೆ. ಬೇರೆ ದೇಶಗಳು ಅಲ್ಲಿಯ ಮಾಂಸವನ್ನು ಕೊಳ್ಳುವುದೂ ಇಲ್ಲ. ಇದಕ್ಕೆ ಕಾಪುವಾ ಮತ್ತು ಅವರ ಸಂಗಡಿಗರು ಕಂಡುಕೊಂಡ ಉಪಾಯ ಸರಳವಾದುದು. ಹರಡುತ್ತಿದ್ದ ವೈರಾಣು ಎಚ್-೭-ಎನ್-೧. ಅವರು ಲಸಿಕೆಗೆ ಆರಿಸಿದ್ದು ಎಚ್-೭-ಎನ್-೩. ಹೆಸರು ಒಂದೇ, ಮನೆತನ ಬೇರೆ. ಎಚ್ ಒಂದೇ ಆದುದರಿಂದ ರಕ್ಷಣೆ ದೊರೆಯುತ್ತದೆ. ಇನ್ನು ರಕ್ತವನ್ನು ಪರೀಕ್ಷಿಸಿದಾಗ ಒಂದನೆಯ ಎನ್‌ಗೆ ಪ್ರತಿಕಾಯ ಕಂಡುಬಂದರೆ, ಆ ಕೋಳಿಗೆ ರೋಗವೇ ತಗಲಿದೆಯೆಂದು ಅರ್ಥ; ಮೂರನೆಯ ಎನ್‌ಗೆ ಮಾತ್ರ ಕಂಡುಬಂದರೆ ಅದು ಲಸಿಕೆಯ ಫಲ. ೨೦೦೦ದ ನವೆಂಬರಿನಲ್ಲಿ ಪ್ರಾರಂಭವಾದ ಈ ಕ್ರಮದಿಂದ ಆ ರೋಗ ಹತೋಟಿಗೆ ಬಂತು. ಮುಂದೆ ಬೇರೆ ದೇಶಗಳಿಗೂ ಇದು ಮಾದರಿಯಾಯಿತು.

ಇದರಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ಆ ಲಸಿಕೆಗೆ ಬಳಸಿದ ಎಚ್-೭-ಎನ್-೩ ವೈರಾಣು ಇಟಲಿಯದಲ್ಲ. ೧೯೯೫ರಲ್ಲಿ ಪಾಕಿಸ್ತಾನದ ಕೋಳಿಯೊಂದರಲ್ಲಿ ದೊರೆತದ್ದು. ಅಲ್ಲಿ ಯಾರೋ ಒಬ್ಬರು ಅದನ್ನು ಹಿಡಿದು, ಹೆಸರಿಟ್ಟು, ಹೊರಗೆ ಕೊಟ್ಟಿದ್ದರಿಂದ ಐದು ವರ್ಷಗಳ ತರುವಾಯ ವೆನೆತೊದ ರೈತರ ಟರ್ಕಿ ಕೋಳಿಗಳು ಬದುಕಿದವು.

ಈಗ ಜಾಜಿಯ ಕೋಳಿಗೆ ಹಿಂದಿರುಗೋಣ. ರೋಗ ಯಾವುದೆಂದು ತಿಳಿದ ಮೇಲೆ ಮುಂದಿನ ಕೆಲಸ ಆ ವೈರಾಣುವಿನ ವಂಶವಾಹಿಯನ್ನು ಓದುವುದು. ಇದು ಕನ್ನಡ ಅಧ್ಯಾಪಕನಾದ ನನಗೆ ತೀರ ಪರಿಚಿತವಾದ ಕೆಲಸದಂತೆ ಕಾಣುತ್ತದೆ. ಇನ್‌ಫ್ಲುಯೆಂಜಾ ವೈರಾಣು ಎಂಟು ಗರಿಗಳ ಒಂದು ಓಲೆಕಟ್ಟು; ಅದರಲ್ಲಿ ನಾಲ್ಕೇ ಅಕ್ಷರಗಳ ವರ್ಣಮಾಲೆಯಲ್ಲಿ ಬರೆದ ಸುಮಾರು ೧೩,೫೦೦ ಅಕ್ಷರಗಳಿರುತ್ತವೆ. ನೀವು ಈಗ ಓದುತ್ತಿರುವ ಈ ಬರಹದಲ್ಲಿರುವ ಅಕ್ಷರಗಳಿಗಿಂತ ಬಹಳ ಹೆಚ್ಚೇನೂ ಅಲ್ಲ. ಅಷ್ಟರಲ್ಲಿ ಕೋಟಿ ಕೋಳಿಗಳ ಮರಣ ಅಡಗಿದೆ!

ನಮ್ಮ ಹಳಗನ್ನಡ ಕಾವ್ಯಗಳು ಓಲೆಗರಿಯಿಂದ ಓಲೆಗರಿಗೆ ಪ್ರತಿಯಾಗುತ್ತ ಬಂದವು. ಪ್ರತಿ ಮಾಡುವಾಗ ಲಿಪಿಕಾರ ಒಂದೆರಡು ತಪ್ಪು ಮಾಡುತ್ತಾನೆ. ಅವನ ಪ್ರತಿಯನ್ನು ನೋಡಿ ಬರೆದವನು ಆ ತಪ್ಪುಗಳನ್ನು ಉಳಿಸಿಕೊಂಡು ತನ್ನವನ್ನು ಸೇರಿಸುತ್ತಾನೆ. ನೂರಾರು ವರ್ಷಗಳ ಮೇಲೆ ಗ್ರಂಥಸಂಪಾದಕನು ಎಲ್ಲ ಪ್ರತಿಗಳನ್ನೂ ಎದುರಿಗೆ ಹರಡಿಕೊಂಡು, ಯಾವ ತಪ್ಪು ಯಾವ ಯಾವ ಪ್ರತಿಗಳಲ್ಲಿ ಸಮಾನವಾಗಿದೆ ಎಂದು ನೋಡಿ, ಯಾವುದು ಯಾವುದರಿಂದ ಹುಟ್ಟಿತೆಂಬ ವಂಶವೃಕ್ಷವನ್ನು ರಚಿಸುತ್ತಾನೆ. ವೈರಾಣುವೂ ತನ್ನನ್ನು ತಾನು ಪ್ರತಿ ಮಾಡಿಕೊಳ್ಳುವಾಗ ತಪ್ಪು ಮಾಡುತ್ತದೆ; ಅದು ಮಹಾ ಅಜಾಗರೂಕ ಲಿಪಿಕಾರ. ಆ ತಪ್ಪುಗಳ ಜಾಡು ಹಿಡಿದೇ ವಿಜ್ಞಾನಿಗಳು ಅದರ ಪ್ರಯಾಣವನ್ನು ಗುರುತಿಸುತ್ತಾರೆ. ೨೦೦೫ರಲ್ಲಿ ಚೀನದ ಕಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಸತ್ತಿದ್ದವು. ಅಲ್ಲಿಯ ವೈರಾಣುವಿನ ಪಾಠವೂ, ಜಾಜಿಯ ಪಾಠವೂ, ನವಾಪುರದ ಪಾಠವೂ ಒಂದೇ ಶಾಖೆಯವು. ನೈಜೀರಿಯಾಕ್ಕೆ ಈ ರೋಗ ಒಂದೇ ದಾರಿಯಲ್ಲಿ ಒಂದೇ ಸಲ ಬಂದುದಲ್ಲ, ಹಲವು ಸಲ ಬಂದಿತ್ತೆಂಬುದನ್ನೂ ಇಂಥ ತುಲನೆಯಿಂದಲೇ ೨೦೦೬ರಲ್ಲಿ ಕಂಡುಕೊಂಡರು.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಏಕೈಕ ಪ್ರತಿ ಮೂಕ. ಅದರಲ್ಲಿರುವ ಪಾಠ ಹಳೆಯದೋ ಹೊಸದೋ, ಸರಿಯೋ ತಪ್ಪೋ, ಅದನ್ನು ಇನ್ನೊಂದರ ಪಕ್ಕದಲ್ಲಿಡುವವರೆಗೆ ತಿಳಿಯುವಂತಿಲ್ಲ. ಬೀಗದೊಳಗಿನ ಓಲೆಕಟ್ಟು ತನ್ನ ಒಡೆಯನಿಗೂ ಅರ್ಧವನ್ನಷ್ಟೆ ಹೇಳುತ್ತದೆ.

ಆದರೆ ೨೦೦೬ರಲ್ಲಿ ಎಚ್-೫-ಎನ್-೧ರ ಪಾಠಗಳಲ್ಲಿ ಅನೇಕವು ಬೀಗದೊಳಗೇ ಇದ್ದವು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಅವುಗಳಿಗಾಗಿ ಒಂದು ಭಂಡಾರವಿತ್ತು. ಗುಪ್ತಪದ ತಿಳಿದವರಿಗೆ ಮಾತ್ರ ಪ್ರವೇಶ. ಜಗತ್ತಿನಲ್ಲಿ ಸುಮಾರು ೧೫ ಪ್ರಯೋಗಾಲಯಗಳಿಗೆ ಮಾತ್ರ ಆ ಭಾಗ್ಯ. ಕಾಪುವಾ ಅವರ ಕೈಯಲ್ಲಿ ಆಫ್ರಿಕಾದ ಮೊದಲನೆಯ ಪಾಠವಿದೆಯೆಂದು ತಿಳಿದಾಗ ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಅವರಿಗೊಂದು ಆಹ್ವಾನ ಬಂತು: ನಿಮ್ಮ ಪಾಠವನ್ನು ಆ ಭಂಡಾರದಲ್ಲಿಡಿ, ಪ್ರತಿಯಾಗಿ ನಿಮಗೂ ಗುಪ್ತಪದವನ್ನು ಕೊಡುತ್ತೇವೆ.

ಯಾವ ಸಂಶೋಧಕನಿಗಾದರೂ ಇದು ಆಸೆ ಹುಟ್ಟಿಸುವ ಮಾತೇ ಸರಿ. ಹದಿನೈದರ ಜೊತೆಗೆ ಹದಿನಾರನೆಯವರಾಗುವ ಗೌರವ, ಬೇರೆಯವರಿಗೆ ಕಾಣದ ಸಾಮಗ್ರಿ, ಒಂದರ ಹಿಂದೊಂದು ಪ್ರಬಂಧಗಳು. ಕಾಪುವಾ ಆಗ ನಲವತ್ತರ ಹೊಸ್ತಿಲಲ್ಲಿದ್ದರು. ಅವರು ಒಲ್ಲೆನೆಂದರು. ತಮ್ಮ ಪಾಠವನ್ನು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಲ್ಲಿ, ಯಾರು ಬೇಕಾದರೂ ಹಣವಿಲ್ಲದೆ, ಅಪ್ಪಣೆಯಿಲ್ಲದೆ ಓದಿಕೊಳ್ಳುವಂತೆ ಇಟ್ಟುಬಿಟ್ಟರು. ಅಷ್ಟಕ್ಕೇ ನಿಲ್ಲದೆ, ನೀವೂ ಹೀಗೆಯೇ ಮಾಡಿರೆಂದು ಸುಮಾರು ೫೦ ಮಂದಿ ಸಹೋದ್ಯೋಗಿಗಳಿಗೆ ಪತ್ರ ಬರೆದರು. ತೆರಿಗೆ ಕೊಡುವ ಜನರ ಹಣದಲ್ಲಿ ನಡೆಯುವ ಪ್ರಯೋಗಾಲಯ ತಮ್ಮದು, ಜನರ ಆರೋಗ್ಯಕ್ಕೆ ಸಂಬಂಧಿಸಿದ ವಿಷಯವಿದು. ಇದನ್ನು ಬೀಗದಲ್ಲಿಡುವ ಅಧಿಕಾರ ತಮಗಿಲ್ಲವೆಂಬುದು ಅವರ ವಾದದ ಸಾರ.

ಇಲ್ಲಿ ನಾನು ಚಪ್ಪಾಳೆ ತಟ್ಟಿ ಮುಂದಕ್ಕೆ ಹೋಗಿಬಿಡಬಹುದಿತ್ತು. ಆದರೆ ಮನಸ್ಸಾಕ್ಷಿ ಒಪ್ಪಲಿಲ್ಲ. ಏಕೆಂದರೆ ಗುಪ್ತಪದದ ಭಂಡಾರವೊಂದು ನನ್ನ ಬಳಿಯೂ ಇತ್ತು.

ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಮನೆಯಲ್ಲಿ ನಡುಗನ್ನಡ ಕಾವ್ಯವೊಂದರ ಓಲೆಪ್ರತಿಯನ್ನು ನೋಡುವ ಅವಕಾಶ ನನಗೆ ದೊರೆಯಿತು. ಮನೆಯವರು ಉದಾರವಾಗಿ ಛಾಯಾಚಿತ್ರ ತೆಗೆದುಕೊಳ್ಳಲು ಬಿಟ್ಟರು. ಅದೇ ಸಮಯದಲ್ಲಿ ಬೇರೊಂದು ಕಾಲೇಜಿನ ನನ್ನ ಮಿತ್ರರೊಬ್ಬರು ಅದೇ ಕಾವ್ಯವನ್ನು ಸಂಪಾದಿಸುತ್ತಿದ್ದರು. ಹೇಗೋ ವಿಷಯ ತಿಳಿದು, ಒಮ್ಮೆ ನೋಡಲು ಕೊಡಬಹುದೇ ಎಂದು ನನಗೆ ಬರೆದರು. “ನನ್ನ ಲೇಖನವೊಂದು ಸಿದ್ಧವಾಗುತ್ತಿದೆ, ಅದು ಪ್ರಕಟವಾಗಲಿ, ಕೊಡುತ್ತೇನೆ” ಎಂದು ನಾನು ಉತ್ತರಿಸಿದೆ. ಲೇಖನ ಇಂದಿಗೂ ಪ್ರಕಟವಾಗಿಲ್ಲ. ನಿಜ ಹೇಳಬೇಕೆಂದರೆ, ಅದು ಮೂರನೆಯ ಪುಟವನ್ನು ದಾಟಿಲ್ಲ. ಮಿತ್ರರು ಕಾದು ಕಾದು ತಮ್ಮ ಗ್ರಂಥವನ್ನು ಅಚ್ಚು ಮಾಡಿಸಿದರು. ಗೌರವಪ್ರತಿಯನ್ನು ನನಗೂ ಕಳುಹಿಸಿದರು. ತೆರೆದು ನೋಡುತ್ತೇನೆ: ಒಂದು ಕಡೆ ‘ಗ್ರಂಥಪಾತ’ ಎಂದು ಬರೆದು ಚುಕ್ಕೆಗಳ ಸಾಲನ್ನು ಹಾಕಿದ್ದಾರೆ. ಆ ಎರಡು ಪದ್ಯಗಳು ನನ್ನ ಮೇಜಿನ ಖಾನೆಯಲ್ಲಿದ್ದ ಚಿತ್ರದಲ್ಲಿ ನಿಚ್ಚಳವಾಗಿದ್ದವು. ವಿದ್ಯೆ ಕೊಟ್ಟಷ್ಟೂ ಬೆಳೆಯುವ ಧನವೆಂದು ಪ್ರತಿವರ್ಷವೂ ಹುಡುಗರಿಗೆ ಹೇಳುವ ಬಾಯಿ ನನ್ನದು!

ಆದುದರಿಂದ ಬೀಗ ಹಾಕುವವರನ್ನು ಸುಲಭವಾಗಿ ಹಳಿಯಲು ನನಗೆ ನಾಲಗೆ ಏಳುವುದಿಲ್ಲ. ಅವರಿಗೂ ಕಾರಣಗಳಿವೆ, ಎಲ್ಲವೂ ನನ್ನ ಕಾರಣದಷ್ಟು ಕ್ಷುದ್ರವಲ್ಲ. ಇಂಡೋನೇಷಿಯಾ ದೇಶದ ಉದಾಹರಣೆ ನೋಡಿ. ಹಕ್ಕಿಜ್ವರದಿಂದ ಮನುಷ್ಯರು ಅತಿ ಹೆಚ್ಚಾಗಿ ಸಾಯುತ್ತಿದ್ದ ದೇಶ ಆಗ ಅದು. ನಿಯಮದಂತೆ ಅದು ತನ್ನ ವೈರಾಣುಗಳ ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಕಳುಹಿಸುತ್ತಿತ್ತು. ಅವುಗಳಿಂದ ವಿದೇಶದ ಕಂಪನಿಯೊಂದು ಲಸಿಕೆ ತಯಾರಿಸಲು ಹೊರಟಿದೆಯೆಂದೂ, ಆ ಲಸಿಕೆಯನ್ನು ಕೊಳ್ಳುವ ಶಕ್ತಿ ತನ್ನ ಜನರಿಗಿಲ್ಲವೆಂದೂ ತಿಳಿದಾಗ ಅಲ್ಲಿಯ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ಮಾದರಿ ಕೊಡುವುದನ್ನೇ ನಿಲ್ಲಿಸಿದರು. ಇದು ೨೦೦೭ರ ಪ್ರಾರಂಭದಲ್ಲಿ ಜಗತ್ತಿಗೆಲ್ಲ ತಿಳಿದು ದೊಡ್ಡ ಗದ್ದಲವಾಯಿತು. ನಮ್ಮ ರೋಗ, ಅವರ ಲಾಭ, ಇದು ಯಾವ ನ್ಯಾಯ ಎಂಬ ಅವರ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವುದು ಕಷ್ಟ. ನಾಲ್ಕು ವರ್ಷಗಳ ಚರ್ಚೆಯ ತರುವಾಯ, ೨೦೧೧ರಲ್ಲಿ, ವೈರಾಣುವನ್ನು ಹಂಚಿಕೊಂಡವರಿಗೆ ಲಸಿಕೆ ಮತ್ತು ಔಷಧಗಳಲ್ಲಿಯೂ ಪಾಲು ಸಲ್ಲಬೇಕೆಂಬ ಒಪ್ಪಂದಕ್ಕೆ ರಾಷ್ಟ್ರಗಳು ಸಮ್ಮತಿಸಿದವು.

ಇನ್ನೂ ಕೆಳಗಿಳಿದು ನೋಡಿದರೆ, ಸಾಲ ಮಾಡಿ ಕೋಳಿ ಸಾಕಿದ ರೈತನೊಬ್ಬನು ಬೆಳಗ್ಗೆ ಎದ್ದು ನೂರು ಸತ್ತ ಕೋಳಿಗಳನ್ನು ಕಾಣುತ್ತಾನೆ. ಹೇಳಿದರೆ ಉಳಿದ ಕೋಳಿಗಳನ್ನೂ ಕೊಲ್ಲುತ್ತಾರೆ. ಪರಿಹಾರ ಯಾವಾಗ ಬರುವುದೋ, ಎಷ್ಟು ಬರುವುದೋ. ಹೇಳದೆ ರಾತ್ರೋರಾತ್ರಿ ಉಳಿದವನ್ನು ಸಂತೆಗೆ ಸಾಗಿಸಿದರೆ ಸಾಲವಾದರೂ ತೀರೀತು. ಅವನು ಕೆಂಡವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿರುವುದು ನಿಜ. ಆದರೆ ಕೆಂಡವನ್ನು ಕೆಳಗಿಡಲು ನಾವು ಅವನಿಗೊಂದು ಜಾಗವನ್ನು ಮಾಡಿಕೊಟ್ಟಿದ್ದೇವೆಯೆ? ಸತ್ಯ ಹೇಳಿದವನೇ ನಷ್ಟಪಡಬೇಕಾದ ವ್ಯವಸ್ಥೆಯಲ್ಲಿ ಸತ್ಯವು ಬಹಳ ದಿನ ಹೊರಗೆ ಉಳಿಯಲಾರದು. ಮದ್ದಿನಜ್ಜನಿಗೂ ಆ ಸೊಪ್ಪಿನ ಗುಟ್ಟೊಂದನ್ನು ಬಿಟ್ಟರೆ ಊರಿನಲ್ಲಿ ಬೇರೆ ಯಾವ ಆಸ್ತಿ ಇತ್ತು?

ಕಾಪುವಾ ಅವರ ಕಾರ್ಯದ ಫಲ ಕ್ರಮವಾಗಿ ಕಾಣಿಸಿತು. ಅದೇ ೨೦೦೬ರ ಆಗಸ್ಟಿನಲ್ಲಿ ಅನೇಕ ವಿಜ್ಞಾನಿಗಳು ಅವರ ಜೊತೆಗೂಡಿ, ಹಕ್ಕಿಜ್ವರದ ಪಾಠಗಳನ್ನು ಒಡನೊಡನೆ ಹಂಚಿಕೊಳ್ಳುವ ಹೊಸ ವ್ಯವಸ್ಥೆಯೊಂದಕ್ಕೆ ‘ನೇಚರ್’ ಪತ್ರಿಕೆಯಲ್ಲಿ ಕರೆಕೊಟ್ಟರು. ಗಿಸೈಡ್ ಎಂಬ ಹೆಸರಿನ ಆ ಭಂಡಾರ ೨೦೦೮ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು, ಪಾಠ ಕೊಟ್ಟವರನ್ನು ಕೃತಜ್ಞತೆಯಿಂದ ಸ್ಮರಿಸಬೇಕು ಎಂಬ ಕರಾರುಗಳುಂಟು. ಕಾಪುವಾ ಬಯಸಿದಷ್ಟು ಹಾರುಹೊಡೆದ ಬಾಗಿಲು ಅದಲ್ಲ. ಆದರೂ ಕೊಡುವವನ ಮಾನವನ್ನೂ ಕಾಯುವ ಬಾಗಿಲು. ೨೦೨೦ರ ಜನವರಿಯಲ್ಲಿ ಚೀನದಿಂದ ಬಂದ ಕೊರೋನಾ ವೈರಾಣುವಿನ ಮೊದಮೊದಲ ಪಾಠಗಳನ್ನು ಜಗತ್ತು ಓದಿದ್ದು ಇಂಥ ಭಂಡಾರಗಳಲ್ಲಿಯೇ. ಆ ಪಾಠವನ್ನು ನೋಡಿಯೇ ರಚಿಸಿದ ಲಸಿಕೆಯೊಂದು ಮಾರ್ಚಿ ೧೬ರಂದು ಅಮೆರಿಕದಲ್ಲಿ ಮೊದಲ ಮನುಷ್ಯನ ತೋಳಿಗೆ ಪ್ರಯೋಗಾರ್ಥವಾಗಿ ತಲಪಿತು. ಹತ್ತು ವಾರಗಳೂ ತುಂಬಿರಲಿಲ್ಲ.

ಬಾಗಿಲು ತೆರೆದವರಿಗೆ ದೊರೆತುದೇನು? ಪ್ರಶಸ್ತಿಗಳು ಬಂದವು. ೨೦೧೩ರಲ್ಲಿ ಅವರು ಇಟಲಿಯ ಪಾರ್ಲಿಮೆಂಟಿಗೂ ಆರಿಸಿಬಂದರು. ೨೦೧೪ರ ಏಪ್ರಿಲಿನಲ್ಲಿ ಅಲ್ಲಿಯ ವಾರಪತ್ರಿಕೆಯೊಂದು, ವೈರಾಣುಗಳ ಕಳ್ಳಸಾಗಣೆಯ ಆರೋಪದ ಮೇಲೆ ಕಾಪುವಾ ಅವರ ವಿರುದ್ಧ ತನಿಖೆ ನಡೆದಿದೆಯೆಂದು ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಿತು. ವೈರಾಣುವಿನ ಗುಟ್ಟನ್ನು ಬಿಟ್ಟಿಯಾಗಿ ಜಗತ್ತಿಗೆ ಹಂಚಿದವರ ಮೇಲೆ ವೈರಾಣು ಮಾರಿದ ಆರೋಪ! ಎರಡು ವರ್ಷ ಅವರು ಆ ಹೊರೆ ಹೊತ್ತು ನಡೆದರು. ೨೦೧೬ರ ಜುಲೈಯಲ್ಲಿ ವೆರೋನಾ ನಗರದ ನ್ಯಾಯಾಧೀಶರು, ಅಂಥ ಅಪರಾಧ ನಡೆದೇ ಇಲ್ಲವೆಂದು ಅವರನ್ನು ಮುಕ್ತಗೊಳಿಸಿದರು. ಅಷ್ಟರಲ್ಲಿ ಅವರು ದೇಶವನ್ನು ಬಿಟ್ಟು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯಕ್ಕೆ ಹೋಗಿದ್ದರು. ಪಾರ್ಲಿಮೆಂಟಿನ ಸ್ಥಾನಕ್ಕೂ ಆ ವರ್ಷವೇ ರಾಜೀನಾಮೆ ಕೊಟ್ಟರು. ಈ ನನ್ನ ಬರಹ ಪ್ರಕಟವಾಗುವುದೂ ಒಂದು ವಾರಪತ್ರಿಕೆಯಲ್ಲಿಯೇ. ಅಚ್ಚಾದ ಅಕ್ಷರ ಬಾಗಿಲು ತೆರೆಯಬಲ್ಲುದು, ಒಬ್ಬರ ಮನೆಯ ಬಾಗಿಲನ್ನು ಮುಚ್ಚಿಸಲೂಬಲ್ಲುದು ಎಂಬುದನ್ನು ಬರ್ಪನೂ ಓದುಗನೂ ಮರೆಯಬಾರದೆಂದು ಮಾತ್ರ ಹೇಳಿ ಮುಂದುವರಿಯುತ್ತೇನೆ.

ಇದೆಲ್ಲ ಹಳೆಯ ಕಥೆಯೆಂದು ವಾಚಕರು ಭಾವಿಸಬೇಕಾಗಿಲ್ಲ. ೨೦೨೪ರ ಮಾರ್ಚಿಯಲ್ಲಿ ಅಮೆರಿಕದ ಟೆಕ್ಸಾಸ್ ಮೊದಲಾದ ಕಡೆಗಳ ಹಾಲು ಕೊಡುವ ಹಸುಗಳಲ್ಲಿಯೂ ಎಚ್-೫-ಎನ್-೧ ಪತ್ತೆಯಾಯಿತು. ಮುಂದಿನ ತಿಂಗಳು ಅಲ್ಲಿಯ ಸರ್ಕಾರ ವೈರಾಣುವಿನ ಪಾಠಗಳನ್ನೇನೋ ಪ್ರಕಟಿಸಿತು. ಆದರೆ ಯಾವ ಊರಿನ ಹಸು, ಯಾವ ದಿನ ತೆಗೆದ ಮಾದರಿ ಎಂಬ ವಿವರಗಳು ಅದರಲ್ಲಿರಲಿಲ್ಲವೆಂದು ವಿಜ್ಞಾನಿಗಳು ಆಕ್ಷೇಪಿಸಿದರು. ಕಾಲ, ದೇಶ ತಿಳಿಯದ ಓಲೆಪ್ರತಿಯಿಂದ ಗ್ರಂಥಸಂಪಾದಕನಿಗಾಗುವ ಪ್ರಯೋಜನವೆಷ್ಟೋ ಅವರಿಗೂ ಅಷ್ಟೇ.

ನಮ್ಮ ನಾಡಿಗೂ ಈ ಅತಿಥಿ ಬಂದುಹೋಗಿದ್ದಾನೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ೨೦೧೨ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹತ್ತಿರ ಹೆಸರಘಟ್ಟದ ಕೋಳಿಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸತ್ತವು. ಮಾದರಿಗಳು ಭೋಪಾಲದ ಉನ್ನತ ಭದ್ರತೆಯ ಪ್ರಯೋಗಾಲಯಕ್ಕೆ ಹೋಗಿ ಹಕ್ಕಿಜ್ವರವೆಂದು ದೃಢಪಟ್ಟಿತು. ಉಳಿದ ಪಕ್ಷಿಗಳನ್ನು ಕೊಂದು ಹೂಳಲಾಯಿತು. ೨೦೧೬ರಲ್ಲಿ ಬೀದರ್ ಜಿಲ್ಲೆಯ ಹುಮನಾಬಾದಿನಲ್ಲಿಯೂ ಅದು ಕಾಣಿಸಿಕೊಂಡಿತು. ಮನುಷ್ಯರಿಗೆ ಇದು ತಗಲುವುದು ಅಪರೂಪ. ತಗಲಿದರೆ ಮಾತ್ರ ಭಯಂಕರ. ೨೦೦೩ರಿಂದ ಜಗತ್ತಿನಲ್ಲಿ ೯೦೦ಕ್ಕೂ ಹೆಚ್ಚು ಜನರಿಗೆ ಎಚ್-೫-ಎನ್-೧ ತಗಲಿದೆ. ಅವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನ ಉಳಿಯಲಿಲ್ಲ. ಮಾಂಸವನ್ನಾಗಲಿ ಮೊಟ್ಟೆಯನ್ನಾಗಲಿ ಒಳಗಿನವರೆಗೂ ೭೦ ಡಿಗ್ರಿ ಶಾಖ ಮುಟ್ಟುವಂತೆ ಬೇಯಿಸಿದರೆ ವೈರಾಣು ನಾಶವಾಗುತ್ತದೆಂಬುದನ್ನು ಮನೆಯೊಡತಿಯರು ನೆನಪಿನಲ್ಲಿಟ್ಟರೆ ಸಾಕು. ನಮ್ಮ ಅಡಿಗೆಮನೆಗಳಲ್ಲಿ ಹೇಗೂ ಅದಕ್ಕಿಂತ ಹೆಚ್ಚಿಗೆಯೇ ಬೇಯಿಸುತ್ತೇವೆ. ಸತ್ತ ಹಕ್ಕಿಯನ್ನು ಕಂಡರೆ ಮಕ್ಕಳು ಬರಿಗೈಯಲ್ಲಿ ಮುಟ್ಟದಂತೆ ನೋಡಿಕೊಂಡು, ಹತ್ತಿರದ ಪಶುವೈದ್ಯ ಆಸ್ಪತ್ರೆಗೆ ಒಂದು ಮಾತು ತಿಳಿಸಬೇಕು. ತಿಳಿಸುವುದೇ ಇಲ್ಲಿ ಮೊದಲನೆಯ ಮದ್ದು.

ಈ ಬರಹವನ್ನು ಬರೆಯಲು ಕುಳಿತ ರಾತ್ರಿ, ಅದಕ್ಕೆ ಮೊದಲು ನಾನು ಇನ್ನೊಂದು ಕೆಲಸ ಮಾಡಿದೆ. ಮೇಜಿನ ಖಾನೆಯಲ್ಲಿದ್ದ ಓಲೆಪ್ರತಿಯ ಚಿತ್ರಗಳನ್ನೆಲ್ಲ ಜೋಡಿಸಿ, ಒಂದು ಕ್ಷಮಾಪಣೆಯ ಪತ್ರದೊಡನೆ ನನ್ನ ಮಿತ್ರರ ವಿಳಾಸಕ್ಕೆ ಕಳುಹಿಸಿದೆ. ಅವರ ಗ್ರಂಥದ ಎರಡನೆಯ ಮುದ್ರಣ ಯಾವಾಗ ಬರುವುದೋ ತಿಳಿಯದು. ಉತ್ತರವೂ ಇನ್ನೂ ಬಂದಿಲ್ಲ. ಅಜ್ಜಿಯ ಊರಿನ ಗುಡ್ಡದಲ್ಲಿ ಮದ್ದಿನಜ್ಜನ ಆ ಸೊಪ್ಪು ಈಗಲೂ ಮಳೆಗಾಲ ಬಂದೊಡನೆ ಚಿಗುರುತ್ತಿರಬೇಕು. ಹೋದ ವರ್ಷ ಅಲ್ಲಿಗೆ ಹೋಗಿದ್ದಾಗ ನಾನು ಗುಡ್ಡವನ್ನು ಹತ್ತಿ ಸುತ್ತಲೂ ನೋಡಿದೆ. ಎಲ್ಲ ಹಸುರೂ ಒಂದೇ ತೆರನಾಗಿ ಕಂಡಿತು.